ಇಳಿಜಾರಿನ ಜೇಡಿ ತೋಟ: ಮರಳು ಬೇಡ, ಮೊದಲು ಮೇಲಿನ ನೀರು ತಿರುಗಿಸಿ

ನಮಸ್ಕಾರ. ಶಿರಸಿ ಹತ್ತಿರ ಇಳಿಜಾರಿನಲ್ಲಿ ಅಡಿಕೆ ತೋಟ, ಜೇಡಿ ಮಣ್ಣು, ಪುಷ್ಯ ಮಳೆ ಹಿಡಿದ ಮೇಲೆ ಕೆಳಗಿನ ಭಾಗದಲ್ಲಿ ನೀರು ನಿಂತು ಸಸಿ ಹಳದಿ ಆಗ್ತಿದೆ, ಮರಳು ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ. ಜೇಡಿಗೆ ಸ್ವಲ್ಪ ಮರಳು ಸೇರಿದರೆ ಮಣ್ಣು ಸಡಿಲ ಆಗುವುದಿಲ್ಲ, ಬೇಸಿಗೆಯಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಗುಣ ಕಾಣಬೇಕಾದರೆ ಅರ್ಧಕ್ಕಿಂತ ಜಾಸ್ತಿ ಮರಳೇ ಬೇಕು.

ನೀರು ನಿಲ್ಲುವುದು ಕೆಳಗೆ, ಬರುವುದು ಮೇಲಿಂದ. ಬೆಟ್ಟದಿಂದ ಹರಿದು ಬರುವ ನೀರು ಒಂದು. ಮೇಲ್ಮಣ್ಣಲ್ಲಿ ಇಂಗಿ, ಜೇಡಿ ಪದರ ಸಿಕ್ಕಲ್ಲಿ ಕೆಳಗಿಳಿಯಲಾಗದೆ ಅದರ ಮೇಲೇ ಜಾರಿ ಧರೆ (ಕಡಿದಾದ ಮಣ್ಣಿನ ಗೋಡೆ) ಬುಡದಲ್ಲಿ ಏಳುವ ಒರತೆ ಇನ್ನೊಂದು. ಮಳೆ ಇರುವಾಗಲೇ ಕೊಡೆ ಹಿಡಿದು ತೋಟ ಸುತ್ತಿ, ನೀರು ಎದ್ದಲ್ಲೆಲ್ಲ ಗೂಟ ಹೊಡೆದು ಬನ್ನಿ. ಮಳೆ ಬಿಟ್ಟು ಎರಡು ದಿನ ಆದರೂ ಒಸರುವ ಜಾಗಕ್ಕೆ ಬೇರೆ ಗುರುತು ಹಾಕಿ. ಬೇಸಿಗೆಯಲ್ಲಿ ಇದು ಯಾವುದೂ ಕಾಣುವುದಿಲ್ಲ.

ಅಗೆಯುವ ಕೆಲಸ ದೀಪಾವಳಿ ಕಳೆದ ಮೇಲೆ, ಮಣ್ಣು ಕೈಯಲ್ಲಿ ಪುಡಿಯಾಗುವ ಹದಕ್ಕೆ ಬಂದಾಗ. ಹಸಿ ಜೇಡಿ ಮೇಲೆ ಜೆಸಿಬಿ ಓಡಿಸಿದರೆ ನೆಲ ಒತ್ತಿಕೊಂಡು ಇದ್ದ ಬಸಿಯುವಿಕೆಯೂ ಹೋಗುತ್ತದೆ.

ಮೊದಲು ತೋಟದ ಮೇಲ್ಭಾಗದಲ್ಲಿ, ಧರೆ ಅಂಚಿನಿಂದ ಸಾಕಷ್ಟು ದೂರ ಬಿಟ್ಟು, ಇಳಿಜಾರಿಗೆ ಅಡ್ಡಕ್ಕೆ ಒಂದು ಅಗಳ (ಕಾಲುವೆ) ತೆಗೆಸಿ. ಒಂದೂವರೆ ಅಡಿ ಅಗಲ, ಅಷ್ಟೇ ಆಳ ಸಾಕು. ಮುಖ್ಯವಾದದ್ದು ಇಳಿತ: 100 ಅಡಿ ಉದ್ದಕ್ಕೆ ಅರ್ಧದಿಂದ ಒಂದು ಅಡಿ. ಜಾಸ್ತಿಯಾದರೆ ತಳ ಕೊರೆಯುತ್ತದೆ, ಕಡಿಮೆಯಾದರೆ ಗೋಡು (ಹರಿದು ಬಂದ ಹೂಳು) ತುಂಬುತ್ತದೆ. ಕಣ್ಣಂದಾಜು ಬೇಡ, ಗಾರೆ ಕೆಲಸದವರ ಹಾಗೆ ಪೈಪಿಗೆ ನೀರು ತುಂಬಿ ಮಟ್ಟ ನೋಡಿ. ಅಗೆದ ಮಣ್ಣನ್ನು ಕೆಳಬದಿಗೆ ಏರಿ ಹಾಕಿ ಲಾವಂಚ ನೆಡಿ.

ಆ ಅಗಳದಲ್ಲಿ ನೀರು ನಿಲ್ಲಲೇಬಾರದು. ಮೇಲೆ ಇಂಗುಗುಂಡಿ ಮಾಡಿ ಅಂತ ಯಾರಾದರೂ ಹೇಳಬಹುದು. ಬಯಲಲ್ಲಿ ಅದು ಒಳ್ಳೆಯದೇ. ಕಡಿದಾದ ಜೇಡಿ ಇಳಿಜಾರಿನಲ್ಲಿ, ಕೆಳಗೆ ಮನೆ ಇರುವಲ್ಲಿ, ನನಗೆ ಅದು ಭಯ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ ಎಲ್ಲ ಕುಸಿದದ್ದು ನೆನಪಿದೆಯಲ್ಲ. ನೆನೆದ ಮಣ್ಣಿನ ಭಾರ ಸಣ್ಣದಲ್ಲ.

ಆಮೇಲೆ ತೋಟದೊಳಗಿನ ಕಾದಿಗೆ, ಅಂದರೆ ಸಾಲುಗಳ ನಡುವಿನ ಬಸಿಗಾಲುವೆ. ಜೇಡಿಯಲ್ಲಿ ಎರಡು ಸಾಲಿಗೊಂದು ಬೇಕು, ಸಸಿ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧ ಅಡಿಯಾದರೂ ಆಳ ಇರಬೇಕು. ಇಲ್ಲವಾದರೆ ಗುಂಡಿಯೇ ಬಾವಿಯಾಗಿ ಬೇರು ಕೊಳೆಯುತ್ತದೆ. ಹಿಡಿಮುಂಡಿಗೆ (ಅಡಿಕೆ ಗರಿ ಗಿಡ್ಡವಾಗಿ ಮುದುಡುವ ತೊಂದರೆ), ಕಾಳುಮೆಣಸಿನ ಸೊರಗು ಕೂಡ ಇಂಥಲ್ಲೇ ಜಾಸ್ತಿ. ನೇರ ಇಳಿಯುವ ಕಾಲುವೆಗೆ ಅಲ್ಲಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿ. ಪೈಪು, ಜಲ್ಲಿ ಹಾಕಿ ಮುಚ್ಚುವುದು ಮನೆ ಅಂಗಳಕ್ಕೆ ಸರಿ. ತೋಟಕ್ಕೆ ತೆರೆದ ಕಾದಿಗೆಯೇ ಒಳ್ಳೆಯದು, ಮಳೆಗಾಲಕ್ಕೆ ಮೊದಲು ಗೋಡು ತೆಗೆಯಬಹುದು.

ಮಣ್ಣು ಸಡಿಲ ಆಗಲು ದರಕು (ಒಣ ಎಲೆ), ಸೊಪ್ಪು, ಕೊಟ್ಟಿಗೆ ಗೊಬ್ಬರ ವರ್ಷವರ್ಷವೂ ಬೀಳಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ನೀರು ಕೊನೆಗೆ ಎಲ್ಲಿಗೆ ಬೀಳುತ್ತದೆ ಅಂತ ನೀವು ಬರೆದಿಲ್ಲ. ಹಳ್ಳಕ್ಕಾದರೆ ತೊಂದರೆ ಇಲ್ಲ. ಕೆಳಗಿನವರ ಗದ್ದೆಗಾದರೆ ಗುದ್ದಲಿ ಹಾಕುವ ಮೊದಲೇ ಅವರ ಜತೆ ಕೂತು ಮಾತಾಡಿ. ಗೂಟ ಹೊಡೆದ ಮೇಲೆ ಫೋಟೋ ಹಾಕಿ, ಅಗಳ ಎಲ್ಲಿಂದ ಹೋಗಬೇಕು ಅಂತ ನೋಡಿ ಹೇಳ್ತೇನೆ.