ವಿಶ್ವಸಂಸ್ಥೆಗೆ ದೂರು ಕೊಟ್ಟರೆ ಸರ್ಕಾರ ಏನು ಹೇಳುತ್ತದೆ?

ಪ್ರಶ್ನೆ: ಸರ್, ನನ್ನ ಮಗಳು ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ. ಅವಳ ಗೆಳತಿ ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ, ಆಫ್ರಿಕಾ ಮೂಲದ ಬುಡಕಟ್ಟಿನವಳು. ಇಬ್ಬರೂ ಸೇರಿ ರೂಮ್ ಹುಡುಕುತ್ತಿದ್ದರು. ಫೋನಿನಲ್ಲಿ ‘ಖಾಲಿ ಇದೆ, ಬನ್ನಿ’ ಎಂದ ಮನೆಯವರು ಆ ಹುಡುಗಿಯನ್ನು ಕಂಡ ಕೂಡಲೇ ‘ನೆಂಟರು ಬರ್ತಾರೆ, ಕೊಡಲ್ಲ’ ಅಂದರಂತೆ. ಮರುದಿನವೂ ಗೇಟಿನ ಮೇಲೆ ‘ಬಾಡಿಗೆಗೆ ಇದೆ’ ಬೋರ್ಡು ಹಾಗೇ ಇತ್ತು. ಇದು ಜನಾಂಗೀಯ ತಾರತಮ್ಯ ಅಲ್ವಾ? ವಿಶ್ವಸಂಸ್ಥೆಗೆ ದೂರು ಕೊಡಬಹುದಾ? ಕೊಟ್ಟರೆ ಸರ್ಕಾರ ಏನು ಮಾಡುತ್ತದೆ?
– ಓದುಗರು, ಹೊಸನಗರ

ಉತ್ತರ: ತಾರತಮ್ಯವೇ ಅಮ್ಮಾ, ಅನುಮಾನ ಬೇಡ. ಶಿವಮೊಗ್ಗದಲ್ಲಿ ವಕೀಲಿ ಮಾಡುವ ನನಗೆ ಇದನ್ನು ಓದಿ ಬಹಳ ನೋವಾಯಿತು.

ಜನಾಂಗೀಯ ತಾರತಮ್ಯದ ವಿರುದ್ಧ 1965ರಲ್ಲಿ ವಿಶ್ವಸಂಸ್ಥೆಯಲ್ಲಿ ಒಂದು ಒಪ್ಪಂದ ಆಯಿತು. ಭಾರತ 1968ರಲ್ಲೇ ಅದಕ್ಕೆ ಸೇರಿದೆ. ದೇಶಗಳು ಅದನ್ನು ಪಾಲಿಸುತ್ತಿವೆಯೇ ಎಂದು ನೋಡಲು ಜಿನೀವಾದಲ್ಲಿ 18 ಜನರ ಸಮಿತಿ ಇದೆ. ಆದರೆ ಒಬ್ಬ ವ್ಯಕ್ತಿ ನೇರವಾಗಿ ದೂರು ಕೊಡಬೇಕಾದರೆ ಅವರ ದೇಶ ಆ ಒಪ್ಪಂದದ 14ನೇ ವಿಧಿಯನ್ನು ಬೇರೆಯಾಗಿ ಒಪ್ಪಿರಬೇಕು. ಭಾರತ ಒಪ್ಪಿಲ್ಲ. ಹಾಗಾಗಿ ಆ ಬಾಗಿಲು ಮುಚ್ಚಿದೆ. ಇನ್ನೊಂದು ದಾರಿ ಇದೆ. ಜನಾಂಗೀಯತೆಯ ವಿಚಾರ ನೋಡಿಕೊಳ್ಳಲು ವಿಶ್ವಸಂಸ್ಥೆ ನೇಮಿಸಿದ ವಿಶೇಷ ವರದಿಗಾರರಿಗೆ ಯಾರು ಬೇಕಾದರೂ ಬರೆಯಬಹುದು. ಅವರಿಗೆ ಸರಿ ಅನ್ನಿಸಿದರೆ ಸರ್ಕಾರಕ್ಕೆ ಪತ್ರ ಬರೆದು ಉತ್ತರ ಕೇಳುತ್ತಾರೆ.

ಸರ್ಕಾರಗಳ ಉತ್ತರ ಹೆಚ್ಚಾಗಿ ಒಂದೇ ತರಹ ಇರುತ್ತದೆ. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ದಕ್ಷಿಣ ಆಫ್ರಿಕಾ ಅಲ್ಲಿನ ಭಾರತೀಯರನ್ನು ಕೀಳಾಗಿ ಕಾಣುತ್ತಿದೆ ಎಂದು ವಿಶ್ವಸಂಸ್ಥೆಗೆ ದೂರು ಒಯ್ದದ್ದು ಭಾರತವೇ. ಭಾರತದ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್ ಅಲ್ಲಿ ನಿಂತು ವಾದಿಸಿದರು. ‘ಇದು ನಮ್ಮ ಆಂತರಿಕ ವಿಚಾರ’ ಎಂದಿತು ದಕ್ಷಿಣ ಆಫ್ರಿಕಾ. 2017ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳಿಗೆ ಗುಂಪು ಹೊಡೆಯಿತು. ಇದು ಜನಾಂಗೀಯ ದ್ವೇಷ, ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ತನಿಖೆ ಮಾಡಲಿ ಎಂದು ದೆಹಲಿಯಲ್ಲಿದ್ದ ಆಫ್ರಿಕಾದ ರಾಯಭಾರಿಗಳು ಹೇಳಿದರು. ನಮ್ಮ ವಿದೇಶಾಂಗ ಇಲಾಖೆ ಅದನ್ನು ಅಪರಾಧ ಪ್ರಕರಣ ಎಂದಿತು. ನಮ್ಮಲ್ಲಿನ ಸಂಸ್ಥೆಗಳೇ ಸಾಕು ಎಂದಿತು. 1946ರಲ್ಲಿ ನಾವು ಒಪ್ಪದ ಮಾತನ್ನು ನಾವೇ ಆಡುವುದು ನನಗೆ ಸರಿ ಕಾಣುವುದಿಲ್ಲ.

ಆದ್ದರಿಂದ ಮೊದಲು ಇಲ್ಲೇ ಗಟ್ಟಿಯಾಗಿ ನಿಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದಲ್ಲಿದ್ದಾರೆ. ಬರೀ ರೂಮ್ ಕೊಡಲ್ಲ ಅಂದಿದ್ದರೆ ಕೇಸು ನಿಲ್ಲುವುದು ಕಷ್ಟ. ಆದರೆ ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈದಿದ್ದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಬರುತ್ತದೆ. ತನಿಖೆಯನ್ನು ಡಿವೈಎಸ್ಪಿ ದರ್ಜೆಯವರೇ ಮಾಡಬೇಕು. ಸಹಾಯವಾಣಿ 14566. ದೂರಿನಲ್ಲಿ ದಿನ, ಹೊತ್ತು, ಜೊತೆಗಿದ್ದವರ ಹೆಸರು ಬರೆಯಿರಿ. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ, ನಯ ಮಾಡಬೇಡಿ. ಆ ಫೋನ್ ಕರೆಯ ವಿವರ, ಬೋರ್ಡಿನ ಫೋಟೋ ಇದ್ದರೆ ಜೋಪಾನ ಮಾಡಿ. ಠಾಣೆಯಲ್ಲಿ ಕೇಸು ತಗೊಳ್ಳದಿದ್ದರೆ ಸುಮ್ನೆ ವಾಪಸ್ ಬರಬೇಡಿ, ಯಾಕೆ ತಗೊಳ್ಳಲಿಲ್ಲ ಎಂದು ಲಿಖಿತ ಹಿಂಬರಹ ಕೇಳಿ. ಮುಂದೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಆ ಕಾಗದವನ್ನೇ.

ಪ್ರಶ್ನೆ: ಸರ್ಕಾರ ಒಪ್ಪದಿದ್ದರೆ ಜಿನೀವಾ ಸಮಿತಿಯ ಮಾತಿಗೆ ಬೆಲೆ ಏನು?
– ಓದುಗರು, ಸಾಗರ

ಉತ್ತರ: ಬಲವಂತ ಮಾಡುವ ಅಧಿಕಾರ ಸಮಿತಿಗಿಲ್ಲ, ನಿಜ. ಆದರೆ ಆಸ್ಟ್ರೇಲಿಯಾದ ಟೂವೂಂಬಾ ಊರಿನ ಕತೆ ನೋಡಿ. ಅಲ್ಲಿನ ಕ್ರೀಡಾಂಗಣದ ಗ್ಯಾಲರಿಯ ಮೇಲೆ ಹಳೆಯ ರಗ್ಬಿ ಆಟಗಾರನೊಬ್ಬನ ಅಡ್ಡಹೆಸರಿತ್ತು. ಅದು ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಪದ. ಅದನ್ನು ತೆಗೆಯಿರಿ ಎಂದು ಮೂಲನಿವಾಸಿ ಸ್ಟೀಫನ್ ಹೇಗನ್ 1999ರಲ್ಲಿ ಕೇಳಿದರು. ಆಡಳಿತದವರು ಒಪ್ಪಲಿಲ್ಲ. ಹೇಗನ್ ಕೋರ್ಟುಗಳಲ್ಲೂ ಸೋತರು. ಜಿನೀವಾಕ್ಕೆ ಹೋದರು. ಅದು ಬರೀ ಅಡ್ಡಹೆಸರು, ಜನಾಂಗದ ಮಾತಿಲ್ಲ ಎಂಬುದು ಸರ್ಕಾರದ ವಾದ. ಪದ ತೆಗೆಯಬೇಕು ಎಂದು 2003ರಲ್ಲಿ ಸಮಿತಿ ಹೇಳಿತು. ಸರ್ಕಾರ ಕೂಡಲೇ ಕೇಳಲಿಲ್ಲ. ಕೊನೆಗೆ 2008ರಲ್ಲಿ ಗ್ಯಾಲರಿಯನ್ನೇ ಕೆಡವಿದರು.

ಹೇಗನ್ ಜಿನೀವಾಕ್ಕೆ ಹೋಗಲು ಆಗಿದ್ದು ಆಸ್ಟ್ರೇಲಿಯಾ 1993ರಲ್ಲಿ 14ನೇ ವಿಧಿ ಒಪ್ಪಿದ್ದರಿಂದ. ಭಾರತವೂ ಒಪ್ಪಲಿ ಎಂದು ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ನಾನೂ ಬರೆದಿದ್ದೇನೆ.