ಡಿಸ್ಕೌಂಟ್ ಕಾಯುವ ಮಗ, ಸಮನ್ಸ್ ಹಿಡಿದ ಅಪ್ಪ

ಓದುಗರ ಪತ್ರ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಓಡಿಸುವ ಸ್ಕೂಟರ್ ನನ್ನ ಹೆಸರಿನಲ್ಲಿದೆ, ಕೆಎ 27 ನಂಬರ್. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್ ಅಂತ 13 ನೋಟಿಸ್ ಬಂದಿವೆ, ಒಟ್ಟು 6,500 ರೂಪಾಯಿ. ‘ಅರ್ಧ ರೇಟಿನ ಆಫರ್ ಬರುತ್ತೆ, ಆಗ ಕಟ್ಟೋಣ’ ಅನ್ನುತ್ತಾನೆ. ಈ ನಡುವೆ ಒಂದು ರಾತ್ರಿ ಕುಡಿದು ಓಡಿಸಿ ಸಿಕ್ಕಿಬಿದ್ದ. ಸ್ಕೂಟರ್ ಇನ್ನೂ ಸ್ಟೇಷನ್ನಿನಲ್ಲಿದೆ. ಕೋರ್ಟಿನ ಸಮನ್ಸ್ ಊರಿನ ಮನೆಗೆ ಬಂತು, ನಾನೇ ಸಹಿ ಹಾಕಿ ತೆಗೆದುಕೊಂಡೆ. ಆ ತಾರೀಖು ಕಳೆದು ಎರಡು ತಿಂಗಳಾಯಿತು, ಅವನು ಹೋಗಿಲ್ಲ. ವರ್ಷ ಕಳೆದರೆ ಕೇಸು ತಾನೇ ಬಿದ್ದುಹೋಗುತ್ತದೆ ಎಂದು ಗೆಳೆಯರು ಹೇಳಿದ್ದಾರಂತೆ. ನನ್ನ ಮೇಲೆ ವಾರಂಟ್ ಬರುತ್ತದೆಯೇ?
– ಹೆಸರು ಬೇಡ ಎಂದಿರುವ ಹಾವೇರಿಯ ಓದುಗರು

ಸಂಪಾದಕರ ಉತ್ತರ:

ಕುಡಿದು ಓಡಿಸಿದ ಕೇಸಿನಲ್ಲಿ ನಿಮ್ಮ ಮೇಲೆ ವಾರಂಟ್ ಬರುವುದಿಲ್ಲ. ಆ ಕೇಸು ಗಾಡಿ ಓಡಿಸಿದವನ ಮೇಲೆ. ಆದರೆ ನಿಮ್ಮ ಮಗನ ಹೆಸರಿಗೆ ವಾರಂಟ್ ಈಗಾಗಲೇ ಹೊರಟಿದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ಈ ಉತ್ತರವನ್ನು ಅವನಿಗೂ ಓದಿಸಿ.

ಅವನನ್ನು ಪೂರ್ತಿ ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ಕಾಯುವುದನ್ನು ಕಲಿಸಿದ್ದು ಸರ್ಕಾರವೇ ಅಲ್ವಾ? 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತರು. ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲೇ ನೂರು ಕೋಟಿ ರೂಪಾಯಿಗೂ ಜಾಸ್ತಿ ಬಂತು. ಆಮೇಲೆ ಮತ್ತೆ ಕೊಟ್ಟರು. 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಕೊಟ್ಟರು. ತಪ್ಪು ಮಾಡಿದ ದಿನವೇ ದಂಡ ಕಟ್ಟಿದವನು ಪೂರ್ತಿ ತೆತ್ತ, ಸುಮ್ನೆ ಕೂತವನಿಗೆ ಅರ್ಧ ಉಳಿಯಿತು. ಇದನ್ನು ನೋಡಿದ ಹುಡುಗರು ‘ಮುಂದಿನ ಆಫರ್ ಯಾವಾಗ’ ಎಂದು ಕೇಳಿದರೆ ಅದು ಅವರೊಬ್ಬರದೇ ತಪ್ಪಲ್ಲ.

ತೊಂದರೆ ಏನೆಂದರೆ, ನಿಮ್ಮ ಮಗ ಎರಡು ಬೇರೆ ಬೇರೆ ವಿಷಯವನ್ನು ಒಂದೇ ಚೀಲಕ್ಕೆ ತುಂಬಿದ್ದಾನೆ. ಹೆಲ್ಮೆಟ್, ಸಿಗ್ನಲ್ ಕೇಸುಗಳನ್ನು ಪೊಲೀಸರ ಹತ್ತಿರವೇ ದಂಡ ಕಟ್ಟಿ ಮುಗಿಸಬಹುದು. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ನಿನಲ್ಲಿ ಹೀಗೆ ರಾಜಿಯಲ್ಲಿ ಮುಗಿಸಬಹುದಾದ ತಪ್ಪುಗಳ ಪಟ್ಟಿ ಇದೆ. ಕುಡಿದು ಓಡಿಸುವುದು 185ನೇ ಸೆಕ್ಷನ್. ಅದು ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಆಫರೂ ಇಲ್ಲ, ಆ್ಯಪಿನಲ್ಲಿ ಕಟ್ಟಿ ಮುಗಿಸುವ ದಾರಿಯೂ ಇಲ್ಲ. ನ್ಯಾಯಾಧೀಶರ ಮುಂದೆಯೇ ಮುಗಿಯಬೇಕು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಅಮಾನತಾಗುವುದು ಬೇರೆ.

ಈಗ ಆ ಸಮನ್ಸ್ ಕಾಗದವನ್ನು ಹೊರಗೆ ತೆಗೆಯಿರಿ. ಅದರಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ತಾರೀಖು, ಬೆಳಗ್ಗೆ 11 ಗಂಟೆ ಎಂದೆಲ್ಲ ಇರುತ್ತದೆ. ಆ ದಿನ ಏನಾಗಿರುತ್ತದೆ ಗೊತ್ತೇ? ಬೆಂಚ್ ಕ್ಲರ್ಕ್ ಕಡತ ತೆಗೆಯುತ್ತಾರೆ. ಅಟೆಂಡರ್ ಬಾಗಿಲ ಹತ್ತಿರ ನಿಂತು ನಿಮ್ಮ ಮಗನ ಹೆಸರು ಕೂಗುತ್ತಾನೆ. ಕಾರಿಡಾರಿನಲ್ಲಿ ನಿಂತ ನೂರು ಜನರಲ್ಲಿ ಯಾರೂ ‘ಬಂದೆ’ ಅನ್ನುವುದಿಲ್ಲ. ಸಮನ್ಸ್ ತಲುಪಿದೆಯೇ ಎಂದು ನೋಡುತ್ತಾರೆ. ತಲುಪಿದೆ, ನಿಮ್ಮ ಸಹಿಯೇ ಇದೆ. ‘ಆರೋಪಿ ಗೈರು’ ಎಂದು ಬರೆಯುತ್ತಾರೆ, ಮುಂದಿನ ತಾರೀಖು ಹಾಕುತ್ತಾರೆ, ಮುಂದಿನ ಕೇಸು ಕೂಗುತ್ತಾರೆ. ಇಷ್ಟಕ್ಕೆ ಎರಡು ನಿಮಿಷವೂ ಬೇಡ.

ಇಲ್ಲಿಂದ ಮುಂದಿನದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಸಾಮಾನ್ಯವಾಗಿ ಮೊದಲು ಜಾಮೀನು ಸಿಗುವ ವಾರಂಟ್. ಸ್ಟೇಷನ್ನಿನವರು ಮನೆಗೆ ಬರುತ್ತಾರೆ, ಇಂಥ ದಿನ ಹಾಜರಾಗುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಾಮೀನಿಲ್ಲದ ವಾರಂಟ್, ಕೋರ್ಟಿನವರ ಬಾಯಲ್ಲಿ ಎನ್‌ಬಿಡಬ್ಲ್ಯು. ಆಗ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಾಗುತ್ತದೆ. ಶುಕ್ರವಾರ ಸಂಜೆ ಹಿಡಿದರೆ ಶನಿವಾರ, ಭಾನುವಾರದ ಕಥೆ ನೀವೇ ಊಹಿಸಿ. ಮಾಡಿದ ತಪ್ಪಿಗೆ ಆಗದ ಅವಮಾನ ಹೋಗದ ತಾರೀಖಿಗೆ ಆಗುತ್ತದೆ.

ಗೆಳೆಯರ ‘ವರ್ಷ ಕಳೆದರೆ’ ಮಾತು ಎಲ್ಲಿಂದ ಬಂತು ಎನ್ನುವುದು ಗೊತ್ತು. ಕಾನೂನಿನಲ್ಲಿ ಕಾಲಮಿತಿ ಇರುವುದು ನಿಜ. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗೆ ಜೈಲಾಗುವ ಅಪರಾಧಕ್ಕೆ ಒಂದು ವರ್ಷ. ಆದರೆ ಅದು ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲು ಇರುವ ಗಡುವು. ನಿಮ್ಮ ಮಗನಿಗೆ ಸಮನ್ಸ್ ಬಂದಿದೆ ಎಂದರೆ ಕೋರ್ಟು ಆಗಲೇ ಕೈಗೆತ್ತಿಕೊಂಡಿದೆ. ಆಮೇಲೆ ಅವನು ತಲೆಮರೆಸಿಕೊಂಡ ದಿನಗಳು ಅವನ ಲಾಭದ ಲೆಕ್ಕಕ್ಕೆ ಬರುವುದಿಲ್ಲ. ವಾರಂಟಿಗಂತೂ ಎಕ್ಸ್‌ಪೈರಿ ಡೇಟೇ ಇಲ್ಲ. ಹೊರಡಿಸಿದ ಕೋರ್ಟು ರದ್ದು ಮಾಡುವವರೆಗೆ, ಇಲ್ಲವೇ ಜಾರಿಯಾಗುವವರೆಗೆ ಅದು ಜೀವಂತ. ಕ್ರಿಮಿನಲ್ ಕೇಸು ನಡೆಸುವ ವಿಧಾನಕ್ಕೆ 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದು ಬದಲಾಗಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ ಎಂದಿರಿ. ಇವತ್ತಲ್ಲ ನಾಳೆ ವಿದೇಶಕ್ಕೆ ಹೋಗುವ ಮಾತು ಬರಬಹುದು. ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ, ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ, ಸಮನ್ಸ್ ಅಥವಾ ವಾರಂಟ್ ಹೊರಟಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಅವಕಾಶವಿದೆ. ಕುಡಿದು ಓಡಿಸಿದ್ದೂ ಕ್ರಿಮಿನಲ್ ಕೇಸೇ. ಪೊಲೀಸ್ ವೆರಿಫಿಕೇಷನ್ ದಿನ ಇದು ಎದ್ದು ಕೂತರೆ ಡಿಸ್ಕೌಂಟಿನಲ್ಲಿ ಉಳಿಸಿದ 3,250 ರೂಪಾಯಿ ಯಾವ ಮೂಲೆಗೆ?

ಏನು ಮಾಡಬೇಕು ಎಂದರೆ, ಪೊಲೀಸರು ಬರುವ ಮುಂಚೆ ಅವನೇ ಹೋಗಬೇಕು. ಇ-ಕೋರ್ಟ್ಸ್ ತಾಣದಲ್ಲಿ ಕೇಸ್ ನಂಬರ್ ಹಾಕಿದರೆ ಈಗ ಯಾವ ಹಂತದಲ್ಲಿದೆ, ಮುಂದಿನ ತಾರೀಖು ಯಾವುದು ಎನ್ನುವುದು ಸಿಗುತ್ತದೆ. ವಾರಂಟ್ ಆಗಿದ್ದರೆ ವಕೀಲರ ಮೂಲಕ ಅದನ್ನು ಹಿಂಪಡೆಯಲು ಅರ್ಜಿ ಹಾಕಿ, ಅವನು ಖುದ್ದಾಗಿ ನಿಲ್ಲಬೇಕು. ತಾನಾಗಿ ಬಂದವನನ್ನು ಮತ್ತು ಹಿಡಿದು ತಂದವನನ್ನು ಯಾವ ನ್ಯಾಯಾಧೀಶರೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಬೈಗುಳ ಬೀಳಬಹುದು, ಖರ್ಚು ಕಟ್ಟಿಸಬಹುದು, ಆದರೆ ಸಾಮಾನ್ಯವಾಗಿ ವಾರಂಟ್ ರದ್ದಾಗುತ್ತದೆ. ಇನ್ನೊಂದು ಮಾತು. ‘ತಪ್ಪಾಯ್ತು ಸ್ವಾಮಿ, ದಂಡ ಕಟ್ಟುತ್ತೇನೆ’ ಎಂದರೆ ಅದು ಬರೀ ದಂಡವಲ್ಲ, ಅಪರಾಧ ಒಪ್ಪಿಕೊಂಡ ಹಾಗೆ. ನಾಳೆ ಮತ್ತೆ ಸಿಕ್ಕಿದರೆ ಅದು ಎರಡನೇ ಸಲದ ಲೆಕ್ಕ. ಹೆಚ್ಚಿನವರು ಒಪ್ಪಿಕೊಂಡು ಮುಗಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೂ ವಕೀಲರ ಹತ್ತಿರ ಹತ್ತು ನಿಮಿಷ ಕೂತು ತಿಳಿದುಕೊಂಡೇ ಒಪ್ಪಿಕೊಳ್ಳಲಿ.

‘ನಿಮ್ಮ ಮಗನ ಮೇಲೆ ವಾರಂಟ್ ಇದೆ, ಈ ನಂಬರಿಗೆ ದುಡ್ಡು ಹಾಕಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ವಾಟ್ಸ್ಆ್ಯಪಿನಲ್ಲಿ ಚಲನ್ ಹೆಸರಿನ ಫೈಲ್ ಬಂದರೆ ಒತ್ತಬೇಡಿ. ಫೋನಿನಲ್ಲಿ ದುಡ್ಡು ಕಟ್ಟಿಸಿಕೊಂಡು ವಾರಂಟ್ ರದ್ದು ಮಾಡುವ ಕೋರ್ಟು ಎಲ್ಲೂ ಇಲ್ಲ.

ಇನ್ನು 13 ನೋಟಿಸ್. ಇವು ಬಂದಿರುವುದು ನಿಮ್ಮ ಹೆಸರಿಗೆ, ಯಾಕೆಂದರೆ ಕ್ಯಾಮೆರಾಕ್ಕೆ ಕಾಣುವುದು ನಂಬರ್ ಪ್ಲೇಟ್, ನಂಬರ್ ಪ್ಲೇಟಿನ ಹಿಂದೆ ಇರುವುದು ಆರ್‌ಸಿ ಮಾಲೀಕ. ಓಡಿಸಿದ್ದು ಯಾರು ಎಂದು ಪೊಲೀಸರು ಕೇಳಿದರೆ ಹೇಳುವ ಜವಾಬ್ದಾರಿಯೂ ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ನಿಮ್ಮದೇ. ಕಟ್ಟದೆ ಬಿಟ್ಟರೆ ಇವೂ ಕೋರ್ಟಿಗೆ ಹೋಗಬಹುದು, ಆಗ ಬರುವ ಸಮನ್ಸ್ ನಿಮ್ಮದು. ಫೋಟೊಗಳನ್ನು ಒಂದೊಂದಾಗಿ ನೋಡಿ. ನಿಮ್ಮ ಸ್ಕೂಟರೇ ಅಲ್ಲದಿದ್ದರೆ ಆರ್‌ಸಿ ಪ್ರತಿ ಇಟ್ಟು ದೂರು ಕೊಡಿ, ಮಿಕ್ಕಿದ್ದನ್ನು ಆನ್‌ಲೈನಿನಲ್ಲೋ ಕರ್ನಾಟಕ ಒನ್‌ನಲ್ಲೋ ಕಟ್ಟಿಬಿಡಿ. ಲೋಕ ಅದಾಲತ್ ಹತ್ತಿರದಲ್ಲಿದ್ದರೆ ಅಲ್ಲಿಯವರೆಗೆ ಕಾದರೂ ಸರಿ, ನನ್ನ ತಕರಾರಿಲ್ಲ.

ಸ್ಟೇಷನ್ನಿನಲ್ಲಿರುವ ಸ್ಕೂಟರ್ ಬಿಡಿಸಲು ಮಾತ್ರ ನೀವೂ ಬೆಂಗಳೂರಿಗೆ ಹೋಗಬೇಕಾದೀತು, ಮಾಲೀಕರು ನೀವೇ ಆದ್ದರಿಂದ. ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಆಧಾರ್ ಮೂಲಪ್ರತಿಗಳು ಕೈಯಲ್ಲಿರಲಿ. ಕೋರ್ಟಿನ ಆದೇಶ ತೋರಿಸಿದ ಮೇಲೆ ಗಾಡಿ ಕೊಡುತ್ತಾರೆ. ಬಿಸಿಲು, ಮಳೆಯಲ್ಲಿ ನಿಂತ ಗಾಡಿ, ಟೈರ್ ಕೂತಿರುತ್ತದೆ, ಬ್ಯಾಟರಿ ಸತ್ತಿರುತ್ತದೆ, ಜೊತೆಗೆ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿ. ಬಾಕಿ ದಂಡ ಎಲ್ಲ ತೀರಿದ ಮೇಲೆ ಆರ್‌ಟಿಒಗೆ 29 ಮತ್ತು 30ನೇ ನಮೂನೆ ಕೊಟ್ಟು ಗಾಡಿಯನ್ನು ಮಗನ ಹೆಸರಿಗೇ ಮಾಡಿಸಿಬಿಡಿ. ಹದಿನಾಲ್ಕನೇ ನೋಟಿಸ್ ಅವನ ಹೆಸರಿಗೇ ಬರಲಿ.