ರೆಟಿನಾದ ಗ್ಲಿಯಾ ಕೋಶಗಳು ಬರೀ ಗೋಂದಾ?

ರೆಟಿನಾದ ಗ್ಲಿಯಾ ಕೋಶಗಳು ನರಕೋಶಗಳನ್ನು ಹಿಡಿದಿಡುವ ಗೋಂದು ಅಷ್ಟೇನಾ, ಶುಗರ್ ಇದ್ದವರ ಕಣ್ಣಿನ ಊತಕ್ಕೂ ಅವಕ್ಕೂ ಏನು ಸಂಬಂಧ, ಹಾಳಾದ ರೆಟಿನಾವನ್ನು ಅವು ಸರಿಮಾಡಬಲ್ಲವಾ ಅಂತ ಕೇಳಿದ್ದೀರಿ. ರೆಟಿನಾ ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ತೆಳು ಪದರ, ಗ್ಲಿಯಾ ಅಂದರೆ ಅಲ್ಲಿನ ನರಕೋಶಗಳ ಜೊತೆಗಿದ್ದು ಅವನ್ನು ನೋಡಿಕೊಳ್ಳುವ ಕೋಶಗಳು. ನಾನು ಕಲಬುರಗಿಯಲ್ಲಿ ಆಪ್ಟೊಮೆಟ್ರಿಸ್ಟ್. ದಿನಾ ಕಣ್ಣಿನ ಸ್ಕ್ಯಾನ್ ತೆಗೆಯೋದೇ ಕೆಲಸ. ಹಾಗಾಗಿ ಊತದಿಂದಲೇ ಶುರು ಮಾಡ್ತೀನಿ.

ಜೇವರ್ಗಿ ಕಡೆಯ ಹಿರಿಯರೊಬ್ಬರು ಬಂದಿದ್ದರು. ತೊಗರಿ ಬೆಳೆಯುವವರು, ಹಳೇ ಶುಗರ್. "ಬಾಗಿಲ ಚೌಕಟ್ಟ ನಡುವ ಡೊಂಕ ಕಾಣ್ಲತದ್ರಿ" ಅಂದರು. ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಮಾಡಿದೆ. ಚೆನ್ನಾಗಿರುವ ಕಣ್ಣಲ್ಲಿ ರೆಟಿನಾದ ನಟ್ಟನಡುವೆ ಒಂದು ಸಣ್ಣ ತಗ್ಗು ಕಾಣಬೇಕು. ಇವರಿಗೆ ಆ ತಗ್ಗೇ ಇಲ್ಲ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿದ ಹಾಗೆ ಉಬ್ಬಿತ್ತು, ಒಳಗೆ ಕಪ್ಪು ಕಪ್ಪು ಗುಳ್ಳೆ. ಪರದೆ ನೋಡಿ "ತೂತ ಬಿದ್ದದೇನ್ರಿ?" ಅಂದರು. ತೂತಲ್ಲ, ನೀರು.

ಶುಗರ್ ಜಾಸ್ತಿಯಾಗಿ ಸಣ್ಣ ರಕ್ತನಾಳಗಳು ಸೋರುತ್ತವೆ, ಅದು ಅರ್ಧ ಕಥೆ. ಇನ್ನರ್ಧ ಕಥೆ ನೀರು ಎತ್ತಿ ಹಾಕುವ ಮ್ಯೂಲರ್ ಕೋಶಗಳದ್ದು. ರೆಟಿನಾದ ಮುಖ್ಯ ಗ್ಲಿಯಾ ಇವೇ. ಜರ್ಮನಿಯ ಹೈನ್ರಿಖ್ ಮ್ಯೂಲರ್ 1851ರಲ್ಲಿ ವಿವರಿಸಿದ್ದರಿಂದ ಆ ಹೆಸರು. ರೆಟಿನಾ ಇರೋದೇ ಸುಮಾರು ಕಾಲು ಮಿಲಿಮೀಟರ್ ದಪ್ಪ. ಇವು ಈ ತುದಿಯಿಂದ ಆ ತುದಿಗೆ ಕಂಬದ ಹಾಗೆ ನಿಂತಿರುತ್ತವೆ. ನರಕೋಶಗಳ ಸುತ್ತ ಸೇರಿದ ಪೊಟ್ಯಾಸಿಯಂ ಹೀರಿ ರಕ್ತನಾಳದ ಕಡೆ ಬಿಡುತ್ತವೆ, ಅದರ ಜೊತೆ ನೀರೂ ಹೋಗುತ್ತದೆ. ಶುಗರ್‌ನಲ್ಲಿ ಈ ದಾರಿಯೇ ಕೆಡುತ್ತದೆ. ಸೋರುವುದು ಜಾಸ್ತಿ, ಎತ್ತುವುದು ಕಮ್ಮಿ. ಗುಳ್ಳೆ ನಿಲ್ಲದೆ ಇನ್ನೇನು?

ಮ್ಯೂಲರ್ ಕೋಶಕ್ಕೆ ಬೇರೆ ಕೆಲಸಗಳೂ ಇವೆ. ನರಕೋಶಗಳು ಒಂದಕ್ಕೊಂದು ಮಾತಾಡಲು ಗ್ಲುಟಮೇಟ್ ಅನ್ನೋ ರಾಸಾಯನಿಕ ಬಳಸುತ್ತವೆ. ಉಳಿದದ್ದನ್ನು ತಕ್ಷಣ ಗುಡಿಸದಿದ್ದರೆ ಅದೇ ವಿಷ. ಗುಡಿಸುವುದು ಇವೇ. ನನಗೆ ಮಜಾ ಅನಿಸೋದು ಇನ್ನೊಂದು. ಬೆಳಕು ಹಿಡಿಯುವ ಕೋಶಗಳು ರೆಟಿನಾದ ಹಿಂದುಗಡೆ ಇವೆ, ಬೆಳಕು ಉಳಿದೆಲ್ಲ ಪದರ ದಾಟಿ ಅಲ್ಲಿಗೆ ಹೋಗಬೇಕು. ಉಲ್ಟಾ ಕಟ್ಟಿದ ಮನೆ ಅಲ್ವಾ? ಮ್ಯೂಲರ್ ಕೋಶಗಳು ಆಪ್ಟಿಕಲ್ ಫೈಬರ್ ಥರ ಬೆಳಕನ್ನು ಸಾಗಿಸುತ್ತವೆ ಅಂತ 2007ರಲ್ಲಿ ಗಿನಿ ಇಲಿಗಳ ಕಣ್ಣಿನಿಂದ ತೆಗೆದ ಕೋಶಗಳಲ್ಲಿ ಕಂಡುಕೊಂಡರು.

ಉಪಕಾರ ಮಾಡಲು ಹೋಗಿ ಕೆಡಿಸುವುದೂ ಉಂಟು. ಆಮ್ಲಜನಕ ಕಮ್ಮಿಯಾದರೆ ಮ್ಯೂಲರ್ ಕೋಶಗಳು ವಿಇಜಿಎಫ್ ಅನ್ನೋ ಪ್ರೋಟೀನ್ ಬಿಡುತ್ತವೆ, ಹೊಸ ರಕ್ತನಾಳ ಬೆಳೆಯಲಿ ಅಂತ. ಬೆಳೆಯುವುದೋ ಬಡಕಲು ನಾಳ. ಹಳೆಯವೂ ಇನ್ನಷ್ಟು ಸೋರುತ್ತವೆ. ಕಣ್ಣಿಗೆ ಕೊಡುವ ಇಂಜೆಕ್ಷನ್ ಈ ವಿಇಜಿಎಫ್ ಅನ್ನೇ ಕಟ್ಟಿಹಾಕುತ್ತದೆ. ಆ ಹಿರಿಯರಿಗೆ ಮೂರನೇ ಇಂಜೆಕ್ಷನ್ ಆದಮೇಲೆ ಸ್ಕ್ಯಾನ್‌ನಲ್ಲಿ ತಗ್ಗು ಮತ್ತೆ ಕಂಡಿತು. ಚೌಕಟ್ಟು ಮಾತ್ರ ಪೂರ್ತಿ ನೆಟ್ಟಗಾಗಿಲ್ಲ ಅಂತಾರೆ.

ಇನ್ನೆರಡು ಗ್ಲಿಯಾ ಇವೆ. ಮೈಕ್ರೋಗ್ಲಿಯಾ ಕಸ ತಿನ್ನುವ ಕಾವಲುಗಾರರು, ಕೆರಳಿದರೆ ಬದುಕಿರುವ ಕೋಶವನ್ನೂ ಬಿಡುವುದಿಲ್ಲ. ಆಸ್ಟ್ರೋಸೈಟ್‌ಗಳು ನರದ ಎಳೆಗಳ ಜೊತೆ ಇರುತ್ತವೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ರೋಗದಲ್ಲಿ ಇವುಗಳ ಮಾತು ಬರುತ್ತದೆ.

ಸರಿಮಾಡುವ ವಿಷಯಕ್ಕೆ ಬಂದರೆ, ಜೀಬ್ರಾಫಿಶ್ ಅನ್ನೋ ಸಣ್ಣ ಮೀನಿಗೆ ಅದು ಸಾಧ್ಯ. ರೆಟಿನಾಗೆ ಪೆಟ್ಟಾದರೆ ಅದರ ಮ್ಯೂಲರ್ ಕೋಶಗಳು ಎರಡಾಗಿ ವಿಭಜನೆಯಾಗಿ ಹೊಸ ನರಕೋಶ ಹುಟ್ಟಿಸುತ್ತವೆ. ನಮ್ಮಲ್ಲಿ ಅವು ಗಾಯದ ಕಲೆ ಮಾಡಿ ಕೂರುತ್ತವೆ. ಇಲಿಗಳಲ್ಲಿ ಜೀನ್ ಬದಲಿಸಿ ಸ್ವಲ್ಪ ಮಟ್ಟಿಗೆ ಮಾಡಿಸಿದ್ದಾರೆ, ಆದರೆ ಅದಿನ್ನೂ ಲ್ಯಾಬ್‌ನ ಮಾತು. ಯಾರಾದರೂ ಈಗಲೇ ಮಾಡಿಕೊಡ್ತೀವಿ ಅಂತ ವಾಟ್ಸಾಪ್‌ನಲ್ಲಿ ಕಳಿಸಿದರೆ, ದುಡ್ಡು ಕಟ್ಟುವ ಮುಂಚೆ ನಿಮ್ಮ ರೆಟಿನಾ ಡಾಕ್ಟರಿಗೆ ಒಮ್ಮೆ ತೋರಿಸಿ.